ತೀರ್ಪು ಕೊಡದ ಪಂಚಾಯ್ತಿ

ಶನಿವಾರಸಂತೆ ಕಡೆ ಕಾಫಿ ತೋಟದ ಬೇಲಿ ಒಂದಡಿ ಸರಿದರೆ ಸಾಕು, ಅಣ್ಣತಮ್ಮಂದಿರು ಸೋಮವಾರಪೇಟೆಯ ಕೋರ್ಟು ಮೆಟ್ಟಿಲು ಹತ್ತುತ್ತಾರೆ. ಹಿಂದೆ ಇಂಥ ಜಗಳ ಊರ ಹಿರಿಯರ ಮುಂದೆ, ಕೊಡವ ನಾಡುಗಳಲ್ಲಾದರೆ ತಕ್ಕರ ಮುಂದೆ ಬರುತ್ತಿತ್ತು. 1834ರಲ್ಲಿ ಕೊಡಗು ಬ್ರಿಟಿಷರ ಕೈಗೆ ಹೋದ ಮೇಲೆ ಕಚೇರಿ, ಕಾಗದಪತ್ರಗಳ ತೂಕ ಹೆಚ್ಚಿತು.

ಹಳೆಯ ಪಂಚಾಯ್ತಿಯನ್ನು ಹೊಗಳುವವರು ಒಂದು ಮಾತು ಮರೆಯುತ್ತಾರೆ. ಅಲ್ಲಿ ಹಿರಿಯರು ಹೇಳಿದ್ದೇ ಕೊನೆ. ದಂಡವಿತ್ತು, ಬಹಿಷ್ಕಾರವಿತ್ತು. ಹೆಂಗಸರ, ದಲಿತರ ಮಾತು ಕೇಳಿಸಿಕೊಂಡವರು ಕಡಿಮೆ.

ಇಂದಿನ ಮಧ್ಯಸ್ಥಿಕೆ ಬೇರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಂ 2002ರಲ್ಲಿ ಕೋರ್ಟಿನೊಳಗೇ ಈ ದಾರಿ ತೆರೆಯಿತು. 2007ರಲ್ಲಿ ಬೆಂಗಳೂರಿನಲ್ಲಿ ಹೈಕೋರ್ಟಿನ ಮಧ್ಯಸ್ಥಿಕೆ ಕೇಂದ್ರ ಶುರುವಾಯಿತು. ಮಧ್ಯಸ್ಥರು ತೀರ್ಪು ಕೊಡುವಂತಿಲ್ಲ, ಅಲ್ಲಿ ಆಡಿದ ಮಾತು ಹೊರಗೆ ಹೋಗುವಂತಿಲ್ಲ. ಒಪ್ಪಿಗೆಯಾಗದಿದ್ದರೆ ಕೇಸು ಮತ್ತೆ ಕೋರ್ಟಿಗೇ.

2023ರ ಮಧ್ಯಸ್ಥಿಕೆ ಕಾಯ್ದೆಯಲ್ಲಿ ಊರಿನ ನೆಮ್ಮದಿ ಕೆಡಿಸುವ ಜಗಳಕ್ಕೆ ಮೂವರು ಮಧ್ಯಸ್ಥರ ಸಮಿತಿಯ ಮಾತೂ ಇದೆ. ಅವರನ್ನು ಆರಿಸುವ ಪಟ್ಟಿಗೆ ಹೆಂಗಸರನ್ನು ಪರಿಗಣಿಸಬಹುದಂತೆ. ಕಡ್ಡಾಯವೇನಿಲ್ಲ, ನೋಡಿ! ಅಲ್ಲಾದ ಒಪ್ಪಂದಕ್ಕೆ ಡಿಕ್ರಿಯ ಬಲವೂ ಇಲ್ಲ. ಹಾಗಾಗಿ ಜಾಗದ ಕೇಸು ನಡೆಯುತ್ತಿರುವವರು ಕೋರ್ಟಿನ ಮೂಲಕವೇ ಮಧ್ಯಸ್ಥಿಕೆ ಕೇಳುವುದು ಮೇಲು. ನ್ಯಾಯಾಧೀಶರು ದಾಖಲಿಸಿಕೊಂಡ ಒಪ್ಪಂದ ಡಿಕ್ರಿಯೇ ಆಗುತ್ತದೆ.