ಬಿಟ್ಟ ಕಸುಬನ್ನು ಮತ್ತೆ ಹಿಡಿಯುವುದು

ಒಂದು ಉದ್ಯಮವನ್ನು ನಿಲ್ಲಿಸಲು ಒಂದು ಆದೇಶ ಸಾಕು. ಮತ್ತೆ ಆರಂಭಿಸಲು ಏನೇನು ಬೇಕು? ಕೋಲಾರದ ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಗಣಿ ಮತ್ತೆ ತೆರೆಯುವುದೇ ಎಂದು ಬಂಗಾರಪೇಟೆ, ಊರಿಗಾಂ, ಮಾರಿಕುಪ್ಪಂ ಕಡೆಯ ಜನ ಅಂದಿನಿಂದಲೂ ಕೇಳುತ್ತಿದ್ದಾರೆ. ಚಿನ್ನ ಎಷ್ಟು ಉಳಿದಿದೆ, ಹಣ ಹಾಕುವವರು ಯಾರು ಎಂಬ ಬಗ್ಗೆ ಬಹಳ ಚರ್ಚೆಯಾಗಿದೆ. ಆದರೆ ಪಾತಾಳಕ್ಕೆ ಇಳಿದು ಕೆಲಸ ಮಾಡಬಲ್ಲ ಕೈಗಳು ಎಲ್ಲಿವೆ ಎಂದು ಕೇಳಿದವರು ಕಡಿಮೆ.

ಹಣವೂ ಯಂತ್ರಗಳೂ ಧಾರಾಳವಾಗಿರುವ ಕಡೆಯಲ್ಲೂ ಈ ಪ್ರಶ್ನೆ ಕಾಡುತ್ತದೆ. ಜಪಾನಿನ ಹೋಂಡಾ ಕಂಪನಿಯ ಎಂಜಿನ್ನು 1988ರಲ್ಲಿ ಫಾರ್ಮುಲಾ ಒನ್ ಕಾರ್ ಪಂದ್ಯಗಳ 16 ಸ್ಪರ್ಧೆಗಳಲ್ಲಿ 15ನ್ನು ಗೆದ್ದಿತ್ತು. 1992ರ ಕೊನೆಗೆ ಕಂಪನಿ ಕಣದಿಂದ ಹಿಂದೆ ಸರಿಯಿತು. 2000ದಲ್ಲಿ ಮರಳಿ ಬಂದು 2008ರಲ್ಲಿ ಮತ್ತೆ ಬಿಟ್ಟಿತು. 2015ರಲ್ಲಿ ಪುನಃ ಬರುವ ಹೊತ್ತಿಗೆ ಎಂಜಿನ್ನಿನ ಸ್ವರೂಪವೇ ಬದಲಾಗಿತ್ತು. ಅದು ಪೆಟ್ರೋಲಿನ ಜೊತೆ ವಿದ್ಯುತ್ತನ್ನೂ ಬಳಸುವ ಜಟಿಲ ಯಂತ್ರವಾಗಿತ್ತು. ಹೋಂಡಾ ಎಂಜಿನ್ನಿನ ತಂಡ ಆ ವರ್ಷ ಗಳಿಸಿದ್ದು 27 ಅಂಕ ಮಾತ್ರ. ಕೊನೆಗೆ ಕಂಪನಿ ತನ್ನ ವಿಮಾನ ಎಂಜಿನ್ ವಿಭಾಗದ ತಜ್ಞರ ನೆರವು ಪಡೆಯಿತು. ಮೊದಲ ಗೆಲುವಿಗೆ 2019ರವರೆಗೆ ಕಾಯಬೇಕಾಯಿತು. 2021ರಲ್ಲಿ ಆ ಎಂಜಿನ್ನಿನ ಕಾರು ಓಡಿಸಿದ ಚಾಲಕ ವಿಶ್ವ ಚಾಂಪಿಯನ್ ಆದ. ಅಷ್ಟರಲ್ಲಾಗಲೇ ಕಂಪನಿ ಮತ್ತೊಮ್ಮೆ ಹೊರಡುವ ನಿರ್ಧಾರ ಪ್ರಕಟಿಸಿತ್ತು! 2026ರಿಂದ ಮತ್ತೆ ಬರುವುದಾಗಿ 2023ರಲ್ಲಿ ಹೇಳಿತು. ನಕ್ಷೆಗಳು ಕಪಾಟಿನಲ್ಲಿ ಉಳಿಯುತ್ತವೆ, ಅವುಗಳನ್ನು ಬರೆದವರು ಉಳಿಯುವುದಿಲ್ಲ.

ಕೋಲಾರದ ನೆಲ ಈ ಪಾಠವನ್ನು ಬಹಳ ಹಿಂದೆಯೇ ಕಲಿತಿತ್ತು. ಇಲ್ಲಿ ಬ್ರಿಟಿಷರಿಗಿಂತ ಎಷ್ಟೋ ಶತಮಾನ ಮೊದಲೇ ಚಿನ್ನ ತೆಗೆಯುತ್ತಿದ್ದರು. ಆಮೇಲೆ ಆ ಆಳದ ಕೆಲಸ ನಿಂತುಹೋಯಿತು. 1802ರಲ್ಲಿ ಸರ್ವೆಗೆಂದು ಬಂದ ಲೆಫ್ಟಿನೆಂಟ್ ಜಾನ್ ವಾರನ್‌ಗೆ ಹಳ್ಳಿಯ ಜನ ಮಣ್ಣು ತೊಳೆದು ಚಿನ್ನದ ಕಣ ತೋರಿಸಿದರು. ಗಣಿಗಾರಿಕೆ ಮರೆತಿದ್ದರೂ ತೊಳೆಯುವ ವಿದ್ಯೆ ಕೈಯಲ್ಲಿ ಉಳಿದಿತ್ತು, ಹಳೆಯ ಗುಂಡಿಗಳು ನೆಲದಲ್ಲಿ ಉಳಿದಿದ್ದವು.

1870ರ ದಶಕದಲ್ಲಿ ಮೈಕೆಲ್ ಲವೆಲ್ ಮೈಸೂರು ಸರ್ಕಾರದ ಅನುಮತಿ ಪಡೆದು ಹುಡುಕಾಟ ಶುರುಮಾಡಿದ. ಬಳಿಕ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಬಂತು. ಮೊದಲ ವರ್ಷಗಳು ನಿರಾಶೆಯಲ್ಲೇ ಕಳೆದವು, ಬಂಡವಾಳ ಬರಿದಾಗುತ್ತ ಬಂತು. ಆಗ ಟೇಲರ್ ಸಂಸ್ಥೆ ಕಳುಹಿಸಿದ ಕ್ಯಾಪ್ಟನ್ ಪ್ಲಮ್ಮರ್, ಪ್ರಾಚೀನರು ಎಲ್ಲಿ ಅಗೆದು ನಿಲ್ಲಿಸಿದ್ದರೋ ಅದರ ಕೆಳಗೇ ಇಳಿದು ನೋಡಿದ. 1880ರ ದಶಕದ ನಡುವಿಗೆ ಚಾಂಪಿಯನ್ ಪದರದ ಶ್ರೀಮಂತ ಅದಿರು ಕೈಗೆ ಸಿಕ್ಕಿತು. ಹಳಬರ ಗುಂಡಿಗಳೇ ಹೊಸಬರಿಗೆ ನಕ್ಷೆಯಾದವು.

ನಕ್ಷೆ ಸಿಕ್ಕಿತು, ಕೈಗಳು ಬೇಕಲ್ಲ? ಅವು ನಾನಾ ಕಡೆಯಿಂದ ಬಂದವು. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದ ತವರದ ಗಣಿಗಳು ಸೊರಗುತ್ತಿದ್ದ ಕಾಲವದು. ಅಲ್ಲಿಯ ಅನುಭವಿಗಳು ಇಲ್ಲಿಗೆ ಬಂದರು. ಇಟಲಿಯವರೂ ಬಂದರು. ಉತ್ತರ ಆರ್ಕಾಟ್, ಚಿತ್ತೂರು ಕಡೆಯ ಕೂಲಿಕಾರರು ಅವರ ಪಕ್ಕದಲ್ಲಿ ದುಡಿದು ಕಸುಬು ಕಲಿತರು. ಅದನ್ನು ಮಕ್ಕಳಿಗೂ ಮೊಮ್ಮಕ್ಕಳಿಗೂ ದಾಟಿಸಿದರು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂಗೆ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು.

ಅಷ್ಟು ಆಳದಲ್ಲಿ ಒತ್ತಡ ತಾಳದ ಬಂಡೆ ಇದ್ದಕ್ಕಿದ್ದಂತೆ ಸಿಡಿಯುತ್ತದೆ. ಕೆ.ಜಿ.ಎಫ್.ನವರು ಇದನ್ನು ‘ಏರ್ ಬ್ಲಾಸ್ಟ್’ ಎಂದರು. ಎಷ್ಟೋ ಜೀವಗಳನ್ನು ಬಲಿಕೊಟ್ಟು ಕಲಿತ ಈ ಬಂಡೆಯ ವಿದ್ಯೆಗೆ 1988ರಲ್ಲಿ ಒಂದು ಸಂಸ್ಥೆಯೇ ಹುಟ್ಟಿತು. ಅದೇ ಚಾಂಪಿಯನ್ ರೀಫ್ಸ್‌ನಲ್ಲಿ ಆರಂಭವಾದ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ. ಗಣಿ ಮುಚ್ಚಿದರೂ ಅದು ಉಳಿಯಿತು. ಜಲವಿದ್ಯುತ್ ಯೋಜನೆಗಳಿಗೂ ಸುರಂಗಗಳಿಗೂ ಅದರ ಸಲಹೆ ಸಂದಿದೆ. ಈಗ ಅದರ ಮುಖ್ಯ ಕಚೇರಿ ಇರುವುದು ಬೆಂಗಳೂರಿನಲ್ಲಿ. ರಾಯಚೂರು ಜಿಲ್ಲೆಯ ಹಟ್ಟಿಯ ಉದಾಹರಣೆಯೂ ಇದೆ. 1920ರ ಸುಮಾರಿಗೆ ನಿಂತಿದ್ದ ಆ ಗಣಿಯ ಪುನರಾರಂಭಕ್ಕಾಗಿ 1947ರಲ್ಲಿ ಕಂಪನಿ ರಚನೆಯಾಯಿತು. ಅಲ್ಲಿ ಇಂದಿಗೂ ಚಿನ್ನ ತೆಗೆಯುತ್ತಿದ್ದಾರೆ.

ಹಾಗಾದರೆ ಕೋಲಾರ? ಸೈನೈಡ್ ದಿಬ್ಬಗಳಲ್ಲಿ ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರಲ್ಲಿ ಸಮ್ಮತಿ ನೀಡಿತು. ಆದರೆ ಅದು ನೆಲದ ಮೇಲಿನ ಕೆಲಸ, ಮುಖ್ಯವಾಗಿ ರಸಾಯನಶಾಸ್ತ್ರದ ಕೆಲಸ. ನೀರು ತುಂಬಿದ ಷಾಫ್ಟ್‌ಗಳ ಆಳದ ವಿದ್ಯೆ ಬೇರೆಯೇ. ಬಂಡೆ ಸಿಡಿಯುವ ಮುನ್ನ ಕೇಳುವ ಸದ್ದು, ಛಾವಣಿಗೆ ಆಸರೆ ಕೊಡುವ ಕ್ರಮ, ಪದರ ತಿರುಗುವ ದಿಕ್ಕಿನ ಅಂದಾಜು ಇವೆಲ್ಲ ಕಡತಗಳಲ್ಲಿ ಪೂರ್ತಿ ಸಿಗುವಂಥವಲ್ಲ. ಗಣಿ ಮುಚ್ಚಿದಾಗ ಮೂವತ್ತರ ಹರೆಯದಲ್ಲಿದ್ದವರಿಗೆ ಈಗ ಐವತ್ತು ದಾಟಿದೆ. ಅಂದಿನ ಹಿರಿಯ ಕೆಲಸಗಾರರು ಎಪ್ಪತ್ತು, ಎಂಬತ್ತರ ಅಂಚಿನಲ್ಲಿದ್ದಾರೆ. ಅವರ ಮಕ್ಕಳು ಬೆಳಗಿನ ಜಾವ ಮಾರಿಕುಪ್ಪಂನಲ್ಲಿ ರೈಲು ಹತ್ತಿ, ಬಂಗಾರಪೇಟೆ ದಾಟಿ, ದುಡಿಮೆಗಾಗಿ ಬೆಂಗಳೂರಿಗೆ ಹೋಗುತ್ತಾರೆ.

ಗಣಿ ತೆರೆಯುವುದೋ ಬಿಡುವುದೋ ಸರ್ಕಾರಗಳು ತೀರ್ಮಾನಿಸಲಿ. ಬಲ್ಲವರನ್ನು ಕೂರಿಸಿಕೊಂಡು ಕೇಳಿ ಬರೆದಿಡಲು ಮಾತ್ರ ಯಾವ ಟೆಂಡರೂ ಬೇಕಿಲ್ಲ. ಪ್ರಾಚೀನರು ನಮಗೆ ಗುಂಡಿಗಳನ್ನಾದರೂ ಬಿಟ್ಟುಹೋಗಿದ್ದರು. ನಮ್ಮ ಕಾಲದ ಗುಂಡಿಗಳಲ್ಲಿ ನೀರು ತುಂಬಿದೆ.