ದಂಶಕಗಳ ಮೆದುಳಿನಲ್ಲಿ ನೈಟ್ರಿಕ್ ಆಕ್ಸೈಡ್ ಕಿಣ್ವ: ಶೋಧದ ಇತಿಹಾಸ ಮತ್ತು ಬೆಂಗಳೂರು

ಪೀಠಿಕೆ

ನರಕೋಶಗಳ ನಡುವೆ ಸಂದೇಶ ಒಯ್ಯುವ ಬಹುಪಾಲು ರಾಸಾಯನಿಕಗಳು ಸೂಕ್ಷ್ಮ ಚೀಲಗಳಲ್ಲಿ ಸಂಗ್ರಹಗೊಂಡಿದ್ದು, ಪ್ರಚೋದನೆ ದೊರೆತಾಗ ಹೊರಬೀಳುತ್ತವೆ. ನೈಟ್ರಿಕ್ ಆಕ್ಸೈಡ್ ಇದಕ್ಕೆ ಅಪವಾದ. ಅನಿಲವಾದ ಇದನ್ನು ಕೂಡಿಡಲಾಗದು. ಬೇಕಾದ ಕ್ಷಣದಲ್ಲಿಯೇ ಆರ್ಜಿನೀನ್ ಎಂಬ ಅಮೈನೋ ಆಮ್ಲದಿಂದ ಅದು ತಯಾರಾಗಬೇಕು. ಆದುದರಿಂದ ಇದನ್ನು ತಯಾರಿಸುವ ಸಿಂಥೇಸ್ ಕಿಣ್ವವು ಮೆದುಳಿನ ಯಾವ ಭಾಗದಲ್ಲಿ ಎಷ್ಟಿದೆ ಎಂಬುದೇ ಇಲ್ಲಿನ ಮೂಲ ಪ್ರಶ್ನೆ. ಈ ಪ್ರಶ್ನೆಯ ಇತಿಹಾಸವು ಬೆಂಗಳೂರಿನ ನರರಸಾಯನಶಾಸ್ತ್ರದ ಒಂದು ಪರಂಪರೆಯ ಸಮೀಪದಲ್ಲಿ ಹಾದುಹೋಗುತ್ತದೆ.

ಕಿಣ್ವದ ಶೋಧ

ರಕ್ತನಾಳಗಳ ಅಧ್ಯಯನದಲ್ಲಿ ಗುರುತಿಸಲ್ಪಟ್ಟ ಈ ಅನಿಲವು ಮೆದುಳಿನಲ್ಲಿಯೂ ಕಾರ್ಯಪ್ರವೃತ್ತವಾಗಿದೆಯೆಂಬುದನ್ನು 1988ರಲ್ಲಿ ಜಾನ್ ಗಾರ್ಥ್‌ವೇಟ್ ಮತ್ತು ಸಂಗಡಿಗರು ಇಲಿಯ ಕಿರುಮೆದುಳಿನ ಕೋಶಗಳಲ್ಲಿ ಸೂಚಿಸಿದರು. 1990ರಲ್ಲಿ ಡೇವಿಡ್ ಬ್ರೆಡ್ಟ್ ಮತ್ತು ಸಾಲೊಮನ್ ಸ್ನೈಡರ್ ಇಲಿಯ ಕಿರುಮೆದುಳಿನಿಂದ ಕಿಣ್ವವನ್ನು ಬೇರ್ಪಡಿಸಿ, ಅದರ ಕ್ರಿಯೆಗೆ ಕ್ಯಾಲ್ಮೊಡ್ಯುಲಿನ್ ಅವಶ್ಯವೆಂದು ತೋರಿಸಿದರು. ಒಂದು ಅಣು ನೈಟ್ರಿಕ್ ಆಕ್ಸೈಡ್ ಉಂಟಾದಾಗ ಒಂದು ಅಣು ಸಿಟ್ರುಲೀನ್ ಉಳಿಯುತ್ತದೆ. ವಿಕಿರಣಶೀಲ ಆರ್ಜಿನೀನ್‌ನಿಂದ ದೊರೆತ ಸಿಟ್ರುಲೀನ್‌ನ ಅಳತೆಯೇ ಕಿಣ್ವಕ್ರಿಯೆಯ ಮಾನದಂಡವಾಯಿತು. ಈ ಅಳತೆಯಲ್ಲಿ ಕಿರುಮೆದುಳು ಮುಂಚೂಣಿಯಲ್ಲಿದೆ. ಮಹಾಮಸ್ತಿಷ್ಕದ ತೊಗಟೆ ಮತ್ತು ಸ್ಟ್ರಯೇಟಮ್‌ಗಳಲ್ಲಿ ಕಿಣ್ವವುಳ್ಳ ನರಕೋಶಗಳು ಒಟ್ಟು ಸಂಖ್ಯೆಯ ಶೇಕಡಾ 1ರಿಂದ 2ರಷ್ಟು ಮಾತ್ರ.

ಬೆಂಗಳೂರಿನ ಸಂದರ್ಭ

ಯಡಿಯೂರು, ಜಯನಗರಗಳ ಪೂರ್ವಕ್ಕೆ ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್, 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹಾಗೂ ಮಾನಸಿಕ ಆಸ್ಪತ್ರೆಗಳ ವಿಲೀನದಿಂದ 1974ರಲ್ಲಿ ರೂಪುಗೊಂಡಿತು. ಇಲ್ಲಿ ವಿಜಯಲಕ್ಷ್ಮಿ ರವೀಂದ್ರನಾಥ್, ಎಚ್.ಕೆ. ಆನಂದತೀರ್ಥವರದ ಮತ್ತು ಎಸ್.ಕೆ. ಶಂಕರ್ ಅವರು 1989–90ರ ಸುಮಾರಿಗೆ ಸೈಟೋಕ್ರೋಮ್ ಪಿ-450 ಹಾಗೂ ಅದರ ಸಹವರ್ತಿ ರಿಡಕ್ಟೇಸ್ ಕಿಣ್ವಗಳು ಇಲಿಯ ಹಾಗೂ ಮಾನವನ ಮೆದುಳಿನಲ್ಲಿ ಇರುವುದನ್ನು ವರದಿ ಮಾಡಿದರು. ಯಕೃತ್ತಿಗೆ ಸೇರಿದವೆಂದು ಪರಿಗಣಿತವಾಗಿದ್ದ ಕಿಣ್ವಗಳಿವು. 1991ರಲ್ಲಿ ಸಿಂಥೇಸ್‌ನ ಜೀನ್ ದೊರೆತಾಗ, ಅದರ ಒಂದು ಭಾಗವು ಇದೇ ರಿಡಕ್ಟೇಸ್ ಅನ್ನು ಹೋಲುತ್ತದೆಂದು ಬಾಲ್ಟಿಮೋರ್ ತಂಡ ಕಂಡುಕೊಂಡಿತು. ಎರಡು ಪ್ರತ್ಯೇಕ ಶೋಧಗಳು ಒಂದು ಕಿಣ್ವಕುಲದಲ್ಲಿ ಸಂಧಿಸಿದವು.

ವಿಧಾನದ ಪ್ರಶ್ನೆ

ಈ ಸಾಮ್ಯಕ್ಕೆ ಪ್ರಾಯೋಗಿಕ ಪರಿಣಾಮವಿದೆ. 1960ರ ದಶಕದಲ್ಲಿ ಥಾಮಸ್ ಮತ್ತು ಪಿಯರ್ಸ್ ವರ್ಣಲೇಪನದಿಂದ ಗುರುತಿಸಿದ ಡಯಾಫೊರೇಸ್ ಕೋಶಗಳು ಸಿಂಥೇಸ್‌ವುಳ್ಳ ಕೋಶಗಳೇ ಎಂಬುದು 1991ರಲ್ಲಿ ಸ್ಪಷ್ಟವಾಯಿತು. ಆದರೆ ಇತರ ರಿಡಕ್ಟೇಸ್‌ಗಳೂ ಅದೇ ಬಣ್ಣವನ್ನು ನೀಡಬಲ್ಲವು. ಫಾರ್ಮಾಲ್ಡಿಹೈಡ್ ಸಂಸ್ಕರಣದ ನಂತರವೂ ಸಿಂಥೇಸ್‌ನ ಬಣ್ಣ ಉಳಿಯುತ್ತದೆ. ಇತರ ಕಿಣ್ವಗಳ ಕ್ರಿಯೆ ಬಹುಮಟ್ಟಿಗೆ ಕುಗ್ಗುತ್ತದೆ. ಇನ್ನೊಂದೆಡೆ ಬಲವಾದ ಸಂಸ್ಕರಣದಿಂದ ನಿಜವಾದ ಕಿಣ್ವವೂ ಮರೆಯಾಗಬಹುದು: ಹಿಪೊಕ್ಯಾಂಪಸ್‌ನ ಸಿಎ1 ಪಿರಮಿಡ್ ಕೋಶಗಳ ಸಂಧಿಸ್ಥಾನಗಳಲ್ಲಿ ಸಿಂಥೇಸ್ ಇರುವುದು 2002ರಲ್ಲಿ ಮೃದು ಸಂಸ್ಕರಣದಿಂದ ದೃಢಪಟ್ಟಿತು. ಕೆಲವು ವರ್ಷ ಅದು ಅಲ್ಲಿ ಇಲ್ಲವೆಂದೇ ಪರಿಗಣಿತವಾಗಿತ್ತು.

ಉಪಸಂಹಾರ

ಹಂಟಿಂಗ್ಟನ್ ರೋಗದಲ್ಲಿ ಸ್ಟ್ರಯೇಟಮ್ ನಶಿಸಿದರೂ ಡಯಾಫೊರೇಸ್ ಕೋಶಗಳು ಉಳಿಯುವುದು 1985ರಲ್ಲಿಯೇ ಕಂಡುಬಂದಿತ್ತು. ನೈಟ್ರಿಕ್ ಆಕ್ಸೈಡ್ ಅನ್ನು ಉತ್ಪಾದಿಸುವ ಕೋಶ ಉಳಿದು, ಅದರ ನೆರೆಯ ಕೋಶ ಸಾಯುವ ಈ ವಿರೋಧಾಭಾಸವನ್ನು ಇಡೀ ಮೆದುಳಿನ ಸರಾಸರಿ ವಿವರಿಸಲಾರದು. ಪ್ರದೇಶವಾರು ಅಂಕಿಗೆ ಅರ್ಥ ಬರುವುದು ಅದನ್ನು ಪಡೆದ ವಿಧಾನವನ್ನೂ ಜತೆಯಲ್ಲಿ ದಾಖಲಿಸಿದಾಗ ಮಾತ್ರ. ಈ ಇತಿಹಾಸದ ಪಾಠವೂ ಅದೇ.