ಪಹಣಿ ಸರ್ವರ್‌ನಿಂದ ವರ್ಚುವಲ್ ಯಂತ್ರದವರೆಗೆ

ಕರ್ನಾಟಕದ ಭೂದಾಖಲೆಗಳು ಮೊದಲು ಕಂಪ್ಯೂಟರ್ ಕಂಡದ್ದು ಕಲಬುರಗಿ ಜಿಲ್ಲೆಯಲ್ಲಿ. ಕೇಂದ್ರ ಸರ್ಕಾರ ಪೂರ್ತಿ ಖರ್ಚು ಹೊತ್ತ ಪ್ರಾಯೋಗಿಕ ಯೋಜನೆ 1991ರಲ್ಲಿ ಇಲ್ಲಿ ಆರಂಭವಾಯಿತು. ಆಗಿನ ಗುಲ್ಬರ್ಗ ಹತ್ತು ತಾಲ್ಲೂಕುಗಳ ದೊಡ್ಡ ಜಿಲ್ಲೆ. ಯಾದಗಿರಿ, ಶಹಾಪುರ, ಸುರಪುರಗಳೂ ಅದರೊಳಗಿದ್ದವು, ಈಗ ತಾಲ್ಲೂಕಾಗಿರುವ ಕಮಲಾಪುರ ಆಗ ಕಲಬುರಗಿ ತಾಲ್ಲೂಕಿಗೆ ಸೇರಿತ್ತು. ನಿಜಾಮರ ಕಾಲದಲ್ಲಿ ಪಟವಾರಿಯ ದಫ್ತರದಲ್ಲಿದ್ದು, ಮುಂದೆ ಗ್ರಾಮಲೆಕ್ಕಿಗರ ಕೈಗೆ ಬಂದಿದ್ದ ಪಹಣಿ ಮೊದಲ ಬಾರಿಗೆ ಯಂತ್ರದ ವಶಕ್ಕೆ ಹೋಯಿತು. 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಇಂಥ ಯೋಜನೆ ಮಂಜೂರಾಯಿತು. ಆದರೆ ದಾಖಲೆ ನಿಜವಾಗಿ ತಿದ್ದುಪಡಿಯಾಗುವ ತಾಲ್ಲೂಕು ಕಚೇರಿಯಲ್ಲಿ ಕಂಪ್ಯೂಟರ್ ಇಡಲು ಅದರಲ್ಲಿ ಅವಕಾಶವೇ ಇರಲಿಲ್ಲ. ಮ್ಯುಟೇಶನ್ ಒಂದೆಡೆ, ಯಂತ್ರ ಇನ್ನೊಂದೆಡೆ. ಹೊಲ ಕೈ ಬದಲಾದರೂ ಕಂಪ್ಯೂಟರಿನಲ್ಲಿ ಹಳೆಯ ಹೆಸರೇ ಉಳಿಯುವ ಏರ್ಪಾಡು ಅದು.

ಈ ಕೊರತೆಯನ್ನು ನೀಗಿಸಿದ್ದು 2000ದ ಆಸುಪಾಸಿನಲ್ಲಿ ಬಂದ ಭೂಮಿ ಯೋಜನೆ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ತಂತ್ರಾಂಶ ಸಿದ್ಧಪಡಿಸಿತು. 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳು ತಾಲ್ಲೂಕು ಕಚೇರಿಗಳ ಯಂತ್ರಗಳಿಗೆ ಏರಿದವು. ತಿದ್ದುಪಡಿ ಮಾಡುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗಬೇಕಿತ್ತು. ಕಿಟಕಿಯ ಹೊರಗೆ ನಿಂತ ರೈತನಿಗೂ ಕಾಣುವಂತೆ ಎರಡನೆಯ ಪರದೆ ಇತ್ತು, ಪಹಣಿಯ ಪ್ರತಿಗೆ ಆಗ 15 ರೂಪಾಯಿ. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ: ಕಾಗದಕ್ಕೆ ಬೆಲೆ ಹೋದ ಮೇಲೆ ತಾಲ್ಲೂಕಿನ ಸಾಲ, ಜಾಮೀನು, ಖರೀದಿಗಳೆಲ್ಲ ಒಂದು ಸರ್ವರ್ ಬೆಳಿಗ್ಗೆ ಏಳುತ್ತದೋ ಇಲ್ಲವೋ ಎಂಬುದನ್ನು ನೆಚ್ಚಿಕೊಂಡವು. ಬೂಟ್ ಆಗುವುದು ಅಲ್ಲಿಂದ ಮುಂದೆ ಊರಿನ ಪ್ರಶ್ನೆಯಾಯಿತು.

ಬೂಟ್ ಎಂದರೆ ಒಂದರ ಕೈಯಿಂದ ಇನ್ನೊಂದಕ್ಕೆ ಸಾಗುವ ಕೆಲಸ. ವಿದ್ಯುತ್ ಬಂದೊಡನೆ ಮದರ್‌ಬೋರ್ಡಿನ ಫರ್ಮ್‌ವೇರ್ ಎಚ್ಚರವಾಗಿ ಮೆಮೊರಿ, ಡಿಸ್ಕುಗಳನ್ನು ಪರೀಕ್ಷಿಸುತ್ತದೆ; ಬೂಟ್‌ಲೋಡರನ್ನು ಹುಡುಕಿ ಅಧಿಕಾರ ಒಪ್ಪಿಸುತ್ತದೆ; ಅದು ಕರ್ನೆಲ್ಲನ್ನು ಎತ್ತುತ್ತದೆ. ಬಯೋಸ್ ಎಂಬ ಹಳೆಯ ಫರ್ಮ್‌ವೇರಿನ ಕಾಲದಲ್ಲಿ ಈ ಹಸ್ತಾಂತರವೆಲ್ಲ ಡಿಸ್ಕಿನ ಮೊದಲ 512 ಬೈಟ್‌ಗಳ ಮೂಲಕ ನಡೆಯುತ್ತಿತ್ತು: 446 ಬೈಟ್ ಕೋಡ್, 64 ಬೈಟ್ ಪಾರ್ಟಿಶನ್ ಪಟ್ಟಿ, ಕೊನೆಗೆ 2 ಬೈಟ್‌ಗಳ ಗುರುತು. ಡ್ರೈವಿನಲ್ಲಿ ಮರೆತ ಒಂದು ಫ್ಲಾಪಿ, ದಿಢೀರನೆ ಕರೆಂಟ್ ಹೋಗಿ ಕೆಟ್ಟ ಒಂದು ಸೆಕ್ಟರ್, ಸಡಿಲವಾದ ಒಂದು ಕೇಬಲ್ ಸಾಕು, ಕಪ್ಪು ಪರದೆಯ ಮೇಲೆ ‘ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್’ (ವಿಂಡೋಸಿನ ಬೂಟ್‌ಲೋಡರ್ ಸಿಗುತ್ತಿಲ್ಲ) ಎಂದು ಬರುತ್ತಿತ್ತು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಂಥ ಊರಿನಲ್ಲಿ ಯುಪಿಎಸ್ ಬ್ಯಾಟರಿಗಳ ಆಯುಸ್ಸೂ ಕಡಿಮೆ. ಆದರೂ ಆಗಿನ ದೋಷ ಕಣ್ಣಿಗೆ ಕಾಣುವಂಥದ್ದು, ಪೆಟ್ಟಿಗೆ ಬಿಚ್ಚಿ ಸರಿಪಡಿಸುವಂಥದ್ದು.

2006ರ ಸುಮಾರಿಗೆ 800 ನೆಮ್ಮದಿ ಕೇಂದ್ರಗಳು ಹೋಬಳಿಗಳಿಗೆ ಬಂದವು. 2012ರಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ಆ ಕೆಲಸ ವಹಿಸಿಕೊಂಡವು. ದಾಖಲೆ ಹಳ್ಳಿಗೆ ಹತ್ತಿರವಾದಂತೆ ದಾಖಲೆ ಹೊತ್ತ ಯಂತ್ರ ದೂರ ಸರಿಯಿತು. ಮಾಹಿತಿ ಬೆಂಗಳೂರಿನ ಡೇಟಾ ಸೆಂಟರಿನಲ್ಲಿ ಕೂಡಿತು. ಇಂಥ ಡೇಟಾ ಸೆಂಟರುಗಳಲ್ಲಿ ಪ್ರತಿ ಕೆಲಸಕ್ಕೂ ಒಂದೊಂದು ಪೆಟ್ಟಿಗೆ ಇಡುವ ಕಾಲ ಮುಗಿದು, ಹೋಸ್ಟ್ ಎನ್ನುವ ಒಂದೇ ನಿಜ ಯಂತ್ರದ ಮೇಲೆ ತಂತ್ರಾಂಶದಿಂದ ರೂಪಿಸಿದ ಹಲವು ವರ್ಚುವಲ್ ಯಂತ್ರಗಳನ್ನು ಓಡಿಸುವುದು ವಾಡಿಕೆಯಾಯಿತು. ತಂತ್ರ ಹೊಸದಲ್ಲ: ಐಬಿಎಂ 1960ರ ದಶಕದಲ್ಲೇ ಅದನ್ನು ರೂಪಿಸಿ 1972ರಲ್ಲಿ ವಿಎಂ/370 ಆಗಿ ಮಾರುಕಟ್ಟೆಗೆ ತಂದಿತ್ತು. ಸಾಮಾನ್ಯ ಪಿಸಿಗೆ ಅದನ್ನು ತಂದದ್ದು 1999ರಲ್ಲಿ ವಿಎಂವೇರ್. ಇಂಟೆಲ್ 2005ರಲ್ಲಿ ವರ್ಚುವಲ್ ಯಂತ್ರಗಳಿಗೆ ನೆರವಾಗುವ ವಿಟಿ ಸೌಲಭ್ಯವನ್ನು ಪ್ರೊಸೆಸರಿನಲ್ಲೇ ಇಟ್ಟ ಮೇಲೆ ದಾರಿ ಸಲೀಸಾಯಿತು. ವರ್ಚುವಲ್ ಯಂತ್ರ ಓಡಿಸುವ ತಂತ್ರಾಂಶಗಳಲ್ಲಿ ಕೆವಿಎಂ 2007ರಲ್ಲಿ ಲಿನಕ್ಸ್ ಕರ್ನೆಲ್ ಸೇರಿತು, 2008ರಲ್ಲಿ ಹೈಪರ್-ವಿ ಮತ್ತು ಪ್ರಾಕ್ಸ್‌ಮಾಕ್ಸ್ ಬಂದವು.

ಬೂಟ್ ದೋಷ ಇಲ್ಲಿ ಎರಡು ಅಂತಸ್ತಿನದಾಯಿತು: ಕೆಳಗೆ ಹೋಸ್ಟ್, ಮೇಲೆ ಗೆಸ್ಟ್ ಎನ್ನುವ ವರ್ಚುವಲ್ ಯಂತ್ರ. ಹಳೆಯ ವಿಂಡೋಸ್ ಸರ್ವರಿನ ಡಿಸ್ಕನ್ನು ಯಥಾವತ್ತಾಗಿ ವರ್ಚುವಲ್ ಯಂತ್ರಕ್ಕೆ ಸಾಗಿಸಿದಾಗ ನೀಲಿ ಪರದೆಯ ಮೇಲೆ 7ಬಿ ಸಂಖ್ಯೆಯ ದೋಷ ಕಾಣುವುದುಂಟು. ಡಿಸ್ಕ್ ಕೆಟ್ಟಿರುವುದಿಲ್ಲ, ವರ್ಚುವಲ್ ಯಂತ್ರದ ಡಿಸ್ಕ್ ಕಂಟ್ರೋಲರಿಗೆ ಬೇಕಾದ ಡ್ರೈವರ್ ಹಳೆಯ ವಿಂಡೋಸಿನಲ್ಲಿ ಇರುವುದಿಲ್ಲ ಅಷ್ಟೆ. ಕಂಟ್ರೋಲರನ್ನು ಐಡಿಇಗೆ ಬದಲಿಸಿ ಏಳಿಸಿ, ಡ್ರೈವರ್ ಹಾಕಿ, ಬಳಿಕ ವೇಗದ ಕಂಟ್ರೋಲರಿಗೆ ಮರಳುವುದು ರೂಢಿಯ ಪರಿಹಾರ.

ಹೋಸ್ಟ್ ಸ್ಥಾಪಿಸುವಾಗಿನ ತೊಡಕುಗಳಿಗೂ ಒಂದೊಂದು ಚರಿತ್ರೆಯಿದೆ. 64 ಬೈಟ್‌ಗಳ ಆ ಹಳೆಯ ಪಾರ್ಟಿಶನ್ ಪಟ್ಟಿಗೆ 2 ಟಿಬಿ ಮೀರಿದ ಡಿಸ್ಕ್ ನಿಲುಕುವುದಿಲ್ಲ. ಆ ಇಕ್ಕಟ್ಟನ್ನು ಕಳೆಯಲು ಜಿಪಿಟಿ ಎಂಬ ಹೊಸ ಪಟ್ಟಿ ಬಂತು, ಅದರ ಜೊತೆಗೆ ಬಯೋಸಿನ ಬದಲಿಗೆ ಯುಇಎಫ್‌ಐ ಎಂಬ ಫರ್ಮ್‌ವೇರ್. ಎರಡೂ ಪದ್ಧತಿ ಒಂದೇ ಯಂತ್ರದಲ್ಲಿ ಉಳಿದದ್ದರಿಂದ, ಲೆಗಸಿ (ಬಯೋಸ್) ವಿಧಾನದಲ್ಲಿ ಸ್ಥಾಪಿಸಿದ ಡಿಸ್ಕನ್ನು ಯುಇಎಫ್‌ಐ ವಿಧಾನದಲ್ಲಿ ಎಬ್ಬಿಸಲು ಹೋಗಿ ‘ನೋ ಬೂಟಬಲ್ ಡಿವೈಸ್’ ಎದುರಾಗುತ್ತದೆ. ಹೈಪರ್-ವಿಯ ವರ್ಚುವಲ್ ಯಂತ್ರಗಳಲ್ಲಿ ಜನರೇಶನ್ 1 ಬಯೋಸಿನದು, ಜನರೇಶನ್ 2 ಯುಇಎಫ್‌ಐನದು. ಯಂತ್ರ ಸೃಷ್ಟಿಸಿದ ಮೇಲೆ ಬದಲಿಸುವಂತಿಲ್ಲ. 2012ರಲ್ಲಿ ವಿಂಡೋಸ್ 8ರೊಂದಿಗೆ ವ್ಯಾಪಕವಾದ ಸೆಕ್ಯೂರ್ ಬೂಟ್, ಸಹಿ ಇಲ್ಲದ ಬೂಟ್‌ಲೋಡರನ್ನು ತಡೆಯುತ್ತದೆ. ಪ್ರಾಕ್ಸ್‌ಮಾಕ್ಸ್ ಅದಕ್ಕೆ ಹೊಂದಿಕೊಂಡದ್ದು 2023ರ 8.1 ಆವೃತ್ತಿಯಲ್ಲಿ, ಅದಕ್ಕಿಂತ ಹಳೆಯ ಆವೃತ್ತಿಗೆ ಸೆಕ್ಯೂರ್ ಬೂಟನ್ನು ಆಫ್ ಮಾಡಲೇಬೇಕು. ಪ್ರಾಕ್ಸ್‌ಮಾಕ್ಸ್‌ನ ಐಎಸ್‌ಒ ಕಡತವನ್ನು ಪೆನ್‌ಡ್ರೈವಿಗೆ ಬಿಡಿ ಫೈಲುಗಳಾಗಿ ನಕಲಿಸಿದರೆ ಇನ್‌ಸ್ಟಾಲರ್ ಏಳುವುದಿಲ್ಲ. ರೂಫಸ್ ಎಂಬ ತಂತ್ರಾಂಶದಲ್ಲಿ ಡಿಡಿ ವಿಧಾನ ಆರಿಸಿ ಇಡಿಯಾಗಿ ಬರೆಯಬೇಕು.

ಹೋಸ್ಟ್ ಎದ್ದೂ ಗೆಸ್ಟ್ ಏಳದಿದ್ದರೆ ಮೊದಲ ಅನುಮಾನ ವಿಟಿ ಮೇಲೆ. ಹಲವು ಯಂತ್ರಗಳಲ್ಲಿ ಅದು ಫರ್ಮ್‌ವೇರಿನಲ್ಲಿ ಆಫ್ ಆಗಿಯೇ ಬಂದಿರುತ್ತದೆ. ನಿನ್ನೆಯವರೆಗೆ ಓಡಿದ ಹೋಸ್ಟ್ ಇಂದು ಹೀಗೆ ಮಾಡಿದರೆ ಮದರ್‌ಬೋರ್ಡಿನ ನಾಣ್ಯದಂಥ ಸೆಲ್ ನೋಡಬೇಕು. ಅದು ಸತ್ತ ಯಂತ್ರದಲ್ಲಿ ಕರೆಂಟ್ ಹೋಗಿ ಬಂದೊಡನೆ ವಿಟಿ, ಬೂಟ್ ಕ್ರಮ, ಡಿಸ್ಕ್ ವಿಧಾನ ಎಲ್ಲವೂ ಕಾರ್ಖಾನೆಯ ಸ್ಥಿತಿಗೆ ಮರಳಬಹುದು. ಕರೆಂಟ್ ಪದೇ ಪದೇ ಕೈಕೊಡುವ ಕಡೆ ತಂತ್ರಜ್ಞರು ತಂತ್ರಾಂಶವನ್ನು ಮತ್ತೆ ಸ್ಥಾಪಿಸಲು ಕೂರುವ ಮೊದಲು ಕೆಲವೇ ರೂಪಾಯಿಯ ಈ ಸೆಲ್ಲನ್ನು ಪರೀಕ್ಷಿಸುವುದು ಜಾಣತನ.

ಮತ್ತೆ ಪಹಣಿಯ ಊರಿಗೆ ಬಂದರೆ, ಕಮಲಾಪುರ ತಾಲ್ಲೂಕಾದದ್ದು 2018ರಲ್ಲಿ, ರಾಜ್ಯಕ್ಕೆ ಘೋಷಿಸಿದ 49 ಹೊಸ ತಾಲ್ಲೂಕುಗಳಲ್ಲಿ ಒಂದಾಗಿ. ಕಾಳಗಿ, ಶಹಾಬಾದ್, ಯಡ್ರಾಮಿ ಜೊತೆಗೆ ಬಂದು, ಯಾದಗಿರಿ, ಶಹಾಪುರ, ಸುರಪುರ ಬೇರೆಯಾದ ಮೇಲೆ ಉಳಿದಿದ್ದ ಜಿಲ್ಲೆಯ ತಾಲ್ಲೂಕುಗಳು ಏಳರಿಂದ ಹನ್ನೊಂದಾದವು. ಅಷ್ಟರಲ್ಲಿ ಪಹಣಿಯನ್ನು ಆನ್‌ಲೈನಿನಲ್ಲೇ ಪಡೆಯುವ ಕಾಲ ಬಂದಿತ್ತು. ದೂರದ ಯಂತ್ರ ಏಳದಿದ್ದರೆ ‘ಸರ್ವರ್ ಇಲ್ಲ’ ಎಂಬ ಮಾತಷ್ಟೇ ರೈತನ ಕಿವಿಗೆ ಬೀಳುತ್ತದೆ. ದೋಷ ಹೋಸ್ಟಿನದೋ ಗೆಸ್ಟಿನದೋ ನೆಟ್‌ವರ್ಕಿನದೋ ಎಂದು ತಿಳಿಯುವ ದಾರಿ ಅವನಿಗಿಲ್ಲ. ಆದ್ದರಿಂದ ಸಣ್ಣ ಕಚೇರಿಯಾಗಲಿ ಕಾಲೇಜಾಗಲಿ ಹೋಸ್ಟ್ ಸ್ಥಾಪಿಸುವವರು ಫರ್ಮ್‌ವೇರ್ ವಿಧಾನ, ವಿಟಿ, ಸೆಕ್ಯೂರ್ ಬೂಟ್, ಡಿಸ್ಕ್ ಕಂಟ್ರೋಲರ್ ಇವುಗಳ ಆಯ್ಕೆಯನ್ನು ಕಾಗದದಲ್ಲಿ ಬರೆದು ಯಂತ್ರದ ಪಕ್ಕದಲ್ಲೇ ಅಂಟಿಸಿಡಬೇಕು.